ಹೊಸದಾಗಿ ಕಟ್ಟಿದ 289 ಎಂಜಿನ್‌ಗೆ ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್: ಏನೇನು ಹೊಂದಬೇಕು?

ಪ್ರಶ್ನೆ

ನನ್ನ ಬಳಿ 1966ರ ಫೋರ್ಡ್ ಮಸ್ಟಾಂಗ್ ಕಾರಿದೆ. ಅದರ 289 ಘನ ಇಂಚಿನ ವಿ8 ಎಂಜಿನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಸಿದ್ದೇನೆ. ಸಿಲಿಂಡರ್‌ಗಳನ್ನು 0.030 ಇಂಚು ಬೋರ್ ಮಾಡಿ ಹೊಸ ಪಿಸ್ಟನ್ ಹಾಕಲಾಗಿದೆ, ಕ್ರ್ಯಾಂಕ್‌ಶಾಫ್ಟಿನ ಜರ್ನಲ್‌ಗಳನ್ನು 0.010 ಇಂಚು ಗ್ರೈಂಡ್ ಮಾಡಲಾಗಿದೆ, ಮತ್ತು ಮೇನ್ ಬೇರಿಂಗ್‌ಗಳು ಕೂರುವ ಕುಳಿಗಳು ಒಂದೇ ಸಾಲಿನಲ್ಲಿ ಇರಲಿಲ್ಲವಾದ್ದರಿಂದ ಬ್ಲಾಕನ್ನು ಲೈನ್ ಬೋರ್ ಕೂಡ ಮಾಡಿಸಬೇಕಾಯಿತು. ಎಂಜಿನ್ ಈಗ ಸ್ಟ್ಯಾಂಡಿನ ಮೇಲಿದೆ, ಇನ್ನೂ ಸ್ಟಾರ್ಟ್ ಮಾಡಿಲ್ಲ.

ಈ ಕಾರಿಗೆ ಕಾರ್ಖಾನೆಯಿಂದಲೇ ಸಿ4 ಎಂಬ ಮೂರು ಗೇರಿನ ಆಟೊಮ್ಯಾಟಿಕ್ ಬಂದಿತ್ತು. ಅದರ ಬದಲು ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಬೇಕೆಂಬುದು ನನ್ನ ಬಹುದಿನದ ಆಸೆ. ಇದಕ್ಕಾಗಿ 1990ರ ಮಸ್ಟಾಂಗ್ 5.0 ಕಾರಿನ ಟಿ5 ಎಂಬ ಐದು ಗೇರಿನ ಗೇರ್‌ಬಾಕ್ಸನ್ನು ಅದರದೇ ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ), ಫ್ಲೈವ್ಹೀಲ್ (ಕ್ರ್ಯಾಂಕಿನ ಹಿಂತುದಿಯ ಭಾರವಾದ ಚಕ್ರ) ಮತ್ತು ಕ್ಲಚ್ ಸಮೇತ ಕೊಂಡಿದ್ದೇನೆ. ಬೆಲ್ ಹೌಸಿಂಗಿನ ಆರು ಬೋಲ್ಟ್‌ಗಳೂ ನನ್ನ ಬ್ಲಾಕಿನ ರಂಧ್ರಗಳಿಗೆ ಸರಿಯಾಗಿ ಕೂರುತ್ತವೆ, ಫ್ಲೈವ್ಹೀಲಿನ ರಂಧ್ರಗಳು ಕ್ರ್ಯಾಂಕಿನ ರಂಧ್ರಗಳಿಗೆ ಹೊಂದುತ್ತವೆ. ಮೇಲ್ನೋಟಕ್ಕೆ ಎಲ್ಲವೂ ಸಲೀಸಾಗಿ ಸೇರುವಂತೆ ಕಾಣುತ್ತದೆ. ಆದರೆ ಇಷ್ಟು ಶ್ರಮವಹಿಸಿ ಕಟ್ಟಿಸಿದ ಎಂಜಿನ್ನು, ಬೋಲ್ಟ್ ಕೂತಿತು ಎಂಬ ಒಂದೇ ಕಾರಣಕ್ಕೆ ಮಾಡಿದ ಜೋಡಣೆಯಿಂದ ಹಾಳಾಗಬಾರದು. ಈ ಎರಡನ್ನು ಸೇರಿಸುವ ಮೊದಲು ಯಾವುದನ್ನು ಅಳೆಯಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ. ಡಿಫರೆನ್ಷಿಯಲ್ ಅನುಪಾತ 2.80, ಟೈರಿನ ಹೊರವ್ಯಾಸ ಸುಮಾರು 25 ಇಂಚು.

ಮೊದಲ ಉತ್ತರ

ಎಲ್ಲಕ್ಕಿಂತ ಮೊದಲು ಆ ಫ್ಲೈವ್ಹೀಲನ್ನು ಬದಿಗಿಡಿ. ಅದು ನಿಮ್ಮ ಕ್ರ್ಯಾಂಕಿಗೆ ಕೂರುತ್ತದೆ ಎಂಬುದೇ ಅದರ ದೊಡ್ಡ ಅಪಾಯ.

ಫೋರ್ಡಿನ ಈ ಸಣ್ಣ ವಿ8 ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಪ್ರತಿತೂಕಗಳಷ್ಟರಿಂದಲೇ ಸಮತೋಲನ ಪೂರ್ತಿಯಾಗುವುದಿಲ್ಲ. ಉಳಿದ ಪಾಲನ್ನು ಮುಂತುದಿಯ ಡ್ಯಾಂಪರ್ (ಕಂಪನ ತಗ್ಗಿಸುವ ಚಕ್ರ) ಮತ್ತು ಹಿಂದಿನ ಫ್ಲೈವ್ಹೀಲಿನ ಒಂದು ಬದಿಗೆ ಉದ್ದೇಶಪೂರ್ವಕವಾಗಿ ಸೇರಿಸಿದ ತೂಕ ಹೊರುತ್ತದೆ. 289 ಮತ್ತು ಹಳೆಯ 302 ಎಂಜಿನ್‌ಗಳಿಗೆ ಈ ತೂಕ 28 ಔನ್ಸ್-ಇಂಚು (ಔನ್ಸಿನಲ್ಲಿ ತೂಕವನ್ನು ನಡುವಿನಿಂದ ಅದರ ಇಂಚಿನ ದೂರದಿಂದ ಗುಣಿಸಿದ್ದು). 1980ರ ದಶಕದ ಆರಂಭದಲ್ಲಿ ಕ್ರ್ಯಾಂಕನ್ನು ಹಗುರ ಮಾಡಿದಾಗ ಅದು 50 ಔನ್ಸ್-ಇಂಚಿಗೆ ಏರಿತು. ನಿಮ್ಮ 1990ರ ಫ್ಲೈವ್ಹೀಲು ಈ ಎರಡನೆಯ ಬಗೆಯದು. ಬೋಲ್ಟ್ ರಂಧ್ರಗಳ ವಿನ್ಯಾಸ ಎರಡರಲ್ಲೂ ಒಂದೇ ಆಗಿರುವುದರಿಂದ ತಪ್ಪು ಫ್ಲೈವ್ಹೀಲನ್ನು ಯಾವ ತಡೆಯೂ ಇಲ್ಲದೆ ಬಿಗಿದುಬಿಡಬಹುದು.

ವ್ಯತ್ಯಾಸ 22 ಔನ್ಸ್-ಇಂಚು ಎಂದರೆ ಕೇಳಲು ಸಣ್ಣದು. ಲೆಕ್ಕ ಹಾಕಿದರೆ ಅದು 3000 ಆರ್‌ಪಿಎಂನಲ್ಲಿ ಸುಮಾರು 1,560 ನ್ಯೂಟನ್, ಅಂದರೆ ಹೆಚ್ಚುಕಡಿಮೆ 160 ಕಿಲೋ ತೂಕದಷ್ಟು ಬಲವಾಗಿ ಹಿಂದಿನ ಮೇನ್ ಬೇರಿಂಗನ್ನು ಪ್ರತಿ ಸುತ್ತಿನಲ್ಲೂ ಎಳೆಯುತ್ತದೆ. ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 5000 ಆರ್‌ಪಿಎಂನಲ್ಲಿ ಅದೇ ವ್ಯತ್ಯಾಸ 4,300 ನ್ಯೂಟನ್ ದಾಟುತ್ತದೆ. ಇಂತಹ ಜೋಡಣೆಯ ನಡುಕವನ್ನು ಗೇರ್‌ಬಾಕ್ಸಿನ ದೋಷವೆಂದು ತಿಳಿದು ಗೇರ್‌ಬಾಕ್ಸನ್ನೇ ಬಿಚ್ಚಿದವರನ್ನು ನಾನು ಕಂಡಿದ್ದೇನೆ.

ನಿಮಗೆ ಬೇಕಾದದ್ದು 28 ಔನ್ಸ್ ಸಮತೋಲನದ, 157 ಹಲ್ಲಿನ, ನಿಮ್ಮ 10.5 ಇಂಚಿನ ಡಯಾಫ್ರಾಮ್ ಕ್ಲಚ್ಚಿಗೆ ರಂಧ್ರ ಕೊರೆದಿರುವ ಫ್ಲೈವ್ಹೀಲು. ಅಂತಹವು ಹೊಸದಾಗಿ ತಯಾರಾಗುತ್ತವೆ. ಮುಂದಿನ ಡ್ಯಾಂಪರನ್ನು ಎಂಜಿನ್ ಕಟ್ಟುವಾಗ ಬದಲಿಸಿದ್ದರೆ ಅದೂ 28ರದ್ದೇ ಎಂದು ಖಚಿತಪಡಿಸಿಕೊಳ್ಳಿ. ಹೊಸ ಪಿಸ್ಟನ್‌ಗಳ ತೂಕ ಹಳೆಯವಕ್ಕಿಂತ ಭಿನ್ನವಾಗಿರುವ ಸಾಧ್ಯತೆ ಇರುವುದರಿಂದ, ಎಂಜಿನ್ ಕಟ್ಟಿದವರು ಕ್ರ್ಯಾಂಕನ್ನು ಬ್ಯಾಲೆನ್ಸ್ ಮಾಡಿಸಿದ್ದಾರೆಯೇ, ಮಾಡಿಸಿದ್ದರೆ ಸಿ4ರ ಫ್ಲೆಕ್ಸ್‌ಪ್ಲೇಟನ್ನು (ಆಟೊಮ್ಯಾಟಿಕ್‌ನಲ್ಲಿ ಫ್ಲೈವ್ಹೀಲಿನ ಜಾಗದಲ್ಲಿರುವ ತೆಳು ತಟ್ಟೆ) ಜೋಡಿಸಿಕೊಂಡು ಮಾಡಿಸಿದರೇ ಎಂದು ಕೇಳಿ ತಿಳಿಯಿರಿ. ಹಾಗೆ ಮಾಡಿಸಿದ್ದರೆ ಎಂಜಿನ್ನನ್ನು ಮತ್ತೆ ಬಿಚ್ಚಬೇಕಾಗಿಲ್ಲ. ಆ ಫ್ಲೆಕ್ಸ್‌ಪ್ಲೇಟನ್ನೇ ಮಾದರಿಯಾಗಿಟ್ಟು ಹೊಸ ಫ್ಲೈವ್ಹೀಲನ್ನು ಅದರ ಅಸಮತೋಲನಕ್ಕೆ ಸಮನಾಗಿ ಕೊರೆಸಬಹುದು. ಆದ್ದರಿಂದ ಹಳೆಯ ಫ್ಲೆಕ್ಸ್‌ಪ್ಲೇಟನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ಎರಡನೆಯ ಉತ್ತರ

ಫ್ಲೈವ್ಹೀಲಿನ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ನೀವು ಸಹಜವಾಗಿ ಹೇಳಿ ಮುಂದೆ ಹೋದ ಒಂದು ಮಾತು, ಅಂದರೆ ಲೈನ್ ಬೋರ್ ಮಾಡಿಸಿದ್ದು, ಗೇರ್‌ಬಾಕ್ಸಿನ ದೃಷ್ಟಿಯಿಂದ ಬಹಳ ಮುಖ್ಯವಾದುದು.

ಲೈನ್ ಬೋರ್ ಮಾಡುವಾಗ ಮೇನ್ ಕ್ಯಾಪ್‌ಗಳ ಕೂರುವ ಮುಖವನ್ನು ಸ್ವಲ್ಪ ತರಿದು, ಕುಳಿಯನ್ನು ಮತ್ತೆ ದುಂಡಗೆ ಕೊರೆಯುತ್ತಾರೆ. ಇದರಿಂದ ಕ್ರ್ಯಾಂಕಿನ ನಡುಗೆರೆ ಇಂಚಿನ ಸಾವಿರದ ಕೆಲವು ಪಾಲಿನಷ್ಟು ಮೇಲಕ್ಕೆ, ಬ್ಲಾಕಿನ ಒಳಮುಖವಾಗಿ, ಸರಿಯುತ್ತದೆ. ಬೆಲ್ ಹೌಸಿಂಗನ್ನು ಹಿಡಿದಿಡುವ ಎರಡು ಡೋವೆಲ್ ಪಿನ್‌ಗಳು ಮಾತ್ರ ಬ್ಲಾಕಿನ ಹಿಂಬದಿಯಲ್ಲಿ ಮೊದಲಿದ್ದ ಜಾಗದಲ್ಲಿಯೇ ಇರುತ್ತವೆ. ಅಂದರೆ ಗೇರ್‌ಬಾಕ್ಸಿನ ನಡುವನ್ನು ನಿರ್ಧರಿಸುವ ವಸ್ತು ಕದಲಲಿಲ್ಲ, ಎಂಜಿನ್ನಿನ ನಡು ಕದಲಿತು. ಅದರ ಮೇಲೆ, ನಿಮ್ಮ ಬೆಲ್ ಹೌಸಿಂಗ್ ಬೇರೊಂದು ಕಾಲದ ಬೇರೊಂದು ಎಂಜಿನ್ನಿನದು. ಬ್ಲಾಕನ್ನೂ ಬೆಲ್ ಹೌಸಿಂಗನ್ನೂ ಕಾರ್ಖಾನೆಯಲ್ಲಿ ಬೇರೆಬೇರೆಯಾಗಿ ಕೊರೆದಿರುವುದರಿಂದ ಎರಡರ ಸಣ್ಣ ವ್ಯತ್ಯಾಸಗಳು ಕೂಡಿಕೊಂಡು ದೊಡ್ಡದಾಗಬಹುದು.

ಇದನ್ನು ಅಳೆಯದೆ ಜೋಡಿಸಿದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಒಂದು ತುದಿಯಲ್ಲಿ ಕ್ರ್ಯಾಂಕಿನ ಹಿಂಬದಿಯ ಕುಳಿಯಲ್ಲಿ ಕೂರುವ ಪೈಲಟ್ ಬೇರಿಂಗಿನಲ್ಲೂ ಇನ್ನೊಂದು ತುದಿಯಲ್ಲಿ ಗೇರ್‌ಬಾಕ್ಸಿನ ಮುಂದಿನ ಬೇರಿಂಗಿನಲ್ಲೂ ಸಿಕ್ಕಿಕೊಂಡು, ಪ್ರತಿ ಸುತ್ತಿಗೂ ಬಾಗಲು ನೋಡುತ್ತದೆ. ಪೈಲಟ್ ಬೇರಿಂಗ್ ಬೇಗ ಸವೆಯುವುದು, ಕ್ಲಚ್ ಪೂರ್ತಿ ಬಿಡದೆ ಗೇರ್ ಬೀಳುವಾಗ ಕರಕರ ಎನ್ನುವುದು, ಬಿಸಿಯಾದ ಮೇಲೆ ಗೇರ್ ತಾನಾಗಿ ಹೊರಬರುವುದು, ಇವೆಲ್ಲ ಅಲ್ಲಿಂದ ಹುಟ್ಟುವ ತೊಂದರೆಗಳು.

ಅಳೆಯುವ ಕ್ರಮ ಹೀಗಿದೆ. ಎಂಜಿನ್ ಮತ್ತು ಬೆಲ್ ಹೌಸಿಂಗಿನ ನಡುವೆ ಬರುವ ತೆಳು ತಗಡನ್ನು ಅದರ ಜಾಗದಲ್ಲಿಟ್ಟೇ, ಕ್ಲಚ್ ಇಲ್ಲದೆ, ಬರಿಯ ಫ್ಲೈವ್ಹೀಲು ಬಿಗಿದ ಎಂಜಿನ್ನಿಗೆ ಬೆಲ್ ಹೌಸಿಂಗನ್ನು ಪೂರ್ತಿ ಬಿಗಿಯಿರಿ. ಎರಡೂ ಮುಖಗಳಲ್ಲಿ ಬಣ್ಣ, ತುಕ್ಕು, ಹಳೆಯ ಗ್ಯಾಸ್ಕೆಟ್ ಚೂರು ಏನೂ ಇರಬಾರದು; ಹೊಸದಾಗಿ ಕಟ್ಟಿದ ಎಂಜಿನ್‌ಗಳಲ್ಲಿ ಅಂದಕ್ಕಾಗಿ ದಪ್ಪಗೆ ಬಳಿದ ಬಣ್ಣವೇ ಎಷ್ಟೋ ಸಲ ಈ ಅಳತೆಯನ್ನು ಕೆಡಿಸುತ್ತದೆ. ಡಯಲ್ ಗೇಜಿನ ಮ್ಯಾಗ್ನೆಟ್ ಬುಡವನ್ನು ಫ್ಲೈವ್ಹೀಲಿಗೆ ಅಂಟಿಸಿ, ಅದರ ಮೊನೆಯನ್ನು ಬೆಲ್ ಹೌಸಿಂಗಿನ ಹಿಂದಿನ ದುಂಡು ಕುಳಿಯ ಒಳಗೋಡೆಗೆ ತಾಗಿಸಿ, ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಮುಳ್ಳಿನ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಓದಿನ ನಡುವಿನ ಅಂತರವೇ ಒಟ್ಟು ಓಟ, ಅದರ ಅರ್ಧ ನಡುಗೆರೆಗಳ ನಿಜವಾದ ಅಂತರ. ಒಟ್ಟು ಓಟ 0.010 ಇಂಚಿನೊಳಗಿದ್ದರೆ ಸಾಕು ಎಂಬುದು ಹಳೆಯ ರೂಢಿ. ನನ್ನ ಅಭಿಪ್ರಾಯದಲ್ಲಿ ಐದು ಗೇರಿನ ಪೆಟ್ಟಿಗೆಗೆ ಅದು ಸಾಲದು, 0.005ರೊಳಗೆ ತರಲು ಶ್ರಮಪಡಬೇಕು. ಮಿತಿ ಮೀರಿದ್ದರೆ 0.007, 0.014 ಮತ್ತು 0.021 ಇಂಚು ಸರಿತವಿರುವ ಆಫ್‌ಸೆಟ್ ಡೋವೆಲ್‌ಗಳು ಸಿಗುತ್ತವೆ. ಒಟ್ಟು ಓಟದ ಅರ್ಧಕ್ಕೆ ಹತ್ತಿರವಾದುದನ್ನು ಆರಿಸಿ, ಎರಡೂ ಡೋವೆಲ್‌ಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ಕೂರಿಸಬೇಕು. ಆ ಬಳಿಕ ಗೇಜಿನ ಮೊನೆಯನ್ನು ಗೇರ್‌ಬಾಕ್ಸ್ ಬಿಗಿಯುವ ಹಿಂದಿನ ಸಮತಟ್ಟು ಮುಖಕ್ಕೆ ತಾಗಿಸಿ ಅದೂ ಲಂಬವಾಗಿದೆಯೇ ಎಂದು ನೋಡಿ.

ಇನ್ನು ಎರಡು ಸಂಗತಿಗಳು. ಆಟೊಮ್ಯಾಟಿಕ್‌ನ ಹಿಂದೆ ಇದ್ದ ಕ್ರ್ಯಾಂಕಿನಲ್ಲಿ ಪೈಲಟ್ ಬೇರಿಂಗ್ ಇರುವುದಿಲ್ಲವಾದ್ದರಿಂದ ಅದನ್ನು ಹೊಸದಾಗಿ ಕೂರಿಸಬೇಕು. ಕೂರಿಸುವ ಮೊದಲು ಅದು ಇನ್‌ಪುಟ್ ಶಾಫ್ಟಿನ ಮೂತಿಗೆ ಸಲೀಸಾಗಿ ಹೊಂದುತ್ತದೆಯೇ ನೋಡಿ, ಕೂರಿಸಿದ ಮೇಲೆ ಮತ್ತೊಮ್ಮೆ ನೋಡಿ, ಏಕೆಂದರೆ ಈ ಬೇರಿಂಗಾಗಿ ಬಳಸುವ ಕಂಚಿನ ಬುಷ್ ಬಿಗಿಯಾಗಿ ಕೂತಾಗ ಸ್ವಲ್ಪ ಕುಗ್ಗುತ್ತದೆ. ಎಣ್ಣೆ ಹೀರಿದ ಕಂಚಿನ ಬುಷ್ಷಿಗೆ ಗ್ರೀಸ್ ಹಚ್ಚಬಾರದು, ಎಂಜಿನ್ ಆಯಿಲ್ಲಿನಲ್ಲಿ ನೆನೆಸಿದರೆ ಸಾಕು. ಬೆಲ್ ಹೌಸಿಂಗಿನ ಹಿಂದಿನ ಮುಖದಿಂದ ಬುಷ್ಷಿಗಿರುವ ದೂರವನ್ನೂ ಗೇರ್‌ಬಾಕ್ಸಿನ ಮುಖದಿಂದ ಶಾಫ್ಟ್ ಎಷ್ಟು ಹೊರಚಾಚಿದೆ ಎಂಬುದನ್ನೂ ಅಳೆದು, ಮೂತಿಯು ಬುಷ್ಷಿನೊಳಗೆ ಸಾಕಷ್ಟು ಹೋಗುತ್ತದೆ, ಆದರೆ ತಳಕ್ಕೆ ತಾಗುವುದಿಲ್ಲ ಎಂಬುದನ್ನು ಕಾಗದದ ಮೇಲೆ ಬರೆದು ಖಾತ್ರಿ ಮಾಡಿಕೊಳ್ಳಿ.

ಎರಡನೆಯದು ಕ್ರ್ಯಾಂಕಿನ ಹಿಂದುಮುಂದಿನ ಆಟ. ಕ್ಲಚ್ ಪೆಡಲ್ ಒತ್ತಿದಾಗಲೆಲ್ಲ ರಿಲೀಸ್ ಬೇರಿಂಗ್ ಇಡೀ ಕ್ರ್ಯಾಂಕನ್ನು ಮುಂದಕ್ಕೆ ತಳ್ಳುತ್ತದೆ, ಆ ಒತ್ತಡವನ್ನು ಒಂದೇ ಒಂದು ಥ್ರಸ್ಟ್ ಬೇರಿಂಗ್ ತಡೆಯಬೇಕು. ಸಿ4 ಇದ್ದಾಗ ಈ ಹೊರೆ ಇರಲಿಲ್ಲ. 289ಕ್ಕೆ ಈ ಆಟ 0.004ರಿಂದ 0.008 ಇಂಚು ಇರಬೇಕು. ಈಗಲೇ ಅಳೆದು ಬರೆದಿಡಿ, ಗೇರ್‌ಬಾಕ್ಸ್ ಕೂರಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಎರಡನೆಯ ಅಳತೆಯಲ್ಲಿ ಆಟವೇ ಇಲ್ಲದಂತಾಗಿದ್ದರೆ ಶಾಫ್ಟಿನ ಮೂತಿ ಕ್ರ್ಯಾಂಕಿಗೆ ಒತ್ತಿಕೊಂಡಿದೆ ಎಂದರ್ಥ, ಎಂಜಿನ್ನನ್ನು ತಿರುಗಿಸಲೇಬೇಡಿ.

ಮೂರನೆಯ ಉತ್ತರ

ಲೋಹಗಳು ಹೊಂದಿದರೆ ಮಾತ್ರ ಸಾಲದು, ಅನುಪಾತಗಳೂ ಹೊಂದಬೇಕು. ಟಿ5ರ ಮೊದಲ ಗೇರ್ 3.35, ಐದನೆಯದು 0.68. ನಿಮ್ಮ 2.80ರ ಡಿಫರೆನ್ಷಿಯಲ್ ಮತ್ತು 25 ಇಂಚಿನ ಟೈರಿನೊಂದಿಗೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಎಂಜಿನ್ ಸುಮಾರು 2,340 ಆರ್‌ಪಿಎಂನಲ್ಲೂ ಐದನೆಯದರಲ್ಲಿ ಸುಮಾರು 1,590ರಲ್ಲೂ ತಿರುಗುತ್ತದೆ. ಎರಡು ಬ್ಯಾರೆಲ್ ಕಾರ್ಬ್ಯುರೇಟರಿನ 289 ತನ್ನ ಗರಿಷ್ಠ ಟಾರ್ಕ್ ಕೊಡುವುದು 2,400ರ ಸುಮಾರಿಗೆ. 1,590ರಲ್ಲಿ ಸಣ್ಣ ಏರು ಬಂದರೂ ಎಂಜಿನ್ ಏದುಸಿರು ಬಿಡುತ್ತದೆ, ನೀವು ನಾಲ್ಕಕ್ಕೆ ಇಳಿಸಬೇಕಾಗುತ್ತದೆ, ಐದನೆಯ ಗೇರ್ ಇದ್ದೂ ಇಲ್ಲದಂತಾಗುತ್ತದೆ. ಡಿಫರೆನ್ಷಿಯಲ್ಲನ್ನು 3.25ಕ್ಕೆ ಬದಲಿಸಿದರೆ ಅದೇ ವೇಗಕ್ಕೆ ಐದನೆಯದರಲ್ಲಿ ಸುಮಾರು 1,850, 3.55ಕ್ಕೆ ಬದಲಿಸಿದರೆ ಸುಮಾರು 2,020 ಆಗುತ್ತದೆ. ನಾನಾದರೆ 3.25 ಹಾಕುತ್ತೇನೆ, ಏಕೆಂದರೆ 3.35ರ ಮೊದಲ ಗೇರಿನೊಂದಿಗೆ 3.55 ಸೇರಿದರೆ ಮೊದಲ ಗೇರು ಹೊರಟ ಕ್ಷಣಕ್ಕೇ ಮುಗಿದುಹೋಗುತ್ತದೆ.

ಡಿಫರೆನ್ಷಿಯಲ್ಲನ್ನು ಮುಟ್ಟುವ ಮನಸ್ಸಿಲ್ಲದಿದ್ದರೆ ಆ ಕಾಲದ್ದೇ ಆದ ನಾಲ್ಕು ಗೇರಿನ ಟಾಪ್‌ಲೋಡರನ್ನು ಪರಿಗಣಿಸಬಹುದು. ಅದರ ಅಗಲ ಅನುಪಾತದ ಪೆಟ್ಟಿಗೆಯ ಮೊದಲ ಗೇರ್ 2.78, ಕೊನೆಯದು 1.00. ಅದು ಟಿ5ಗಿಂತ ಗಟ್ಟಿಮುಟ್ಟಾದದ್ದು. ಆದರೆ 2.80ರೊಂದಿಗೆ ಮೊದಲ ಗೇರಿನ ಒಟ್ಟು ಅನುಪಾತ 7.8 ಮಾತ್ರ ಆಗುತ್ತದೆ. ಟಿ5ರಲ್ಲಿ ಅದು 9.4. ನಿಂತ ಕಾರನ್ನು ಹೊರಡಿಸುವಾಗ ಆಟೊಮ್ಯಾಟಿಕ್‌ನ ಟಾರ್ಕ್ ಕನ್ವರ್ಟರ್ ಎಂಜಿನ್ನಿನ ಬಲವನ್ನು ಸುಮಾರು ಎರಡು ಪಟ್ಟು ಮಾಡಿಕೊಡುತ್ತಿತ್ತು, ಆದ್ದರಿಂದಲೇ ಸಿ4ರ 2.46ರ ಮೊದಲ ಗೇರಿಗೆ 2.80 ಸಾಕಾಗಿತ್ತು. ಕ್ಲಚ್ಚಿಗೆ ಆ ಗುಣವಿಲ್ಲ, ಅದು ಜಾರುತ್ತ ತನ್ನನ್ನೇ ಸವೆಸಿಕೊಳ್ಳುತ್ತದೆ.

ಬಲದ ವಿಷಯದಲ್ಲಿ ಚಿಂತೆ ಬೇಡ. 1990ರ ಟಿ5 ಸುಮಾರು 300 ಪೌಂಡ್-ಅಡಿ ಟಾರ್ಕಿಗೆ ನಿಗದಿಯಾದದ್ದು. ಎರಡು ಬ್ಯಾರೆಲ್ 289ರ ಹಳೆಯ ಪದ್ಧತಿಯ (ಬಿಡಿಭಾಗಗಳ ಹೊರೆಯಿಲ್ಲದೆ ಅಳೆದ) ಒಟ್ಟು ಅಂಕಿಯೇ 282, ಗೇರ್‌ಬಾಕ್ಸಿಗೆ ನಿಜವಾಗಿ ತಲುಪುವುದು ಅದಕ್ಕಿಂತ ಕಡಿಮೆ. ಎಣ್ಣೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: 1985ರ ನಂತರದ ಮಸ್ಟಾಂಗ್ ಟಿ5 ಪೆಟ್ಟಿಗೆಗೆ ಹಾಕಬೇಕಾದದ್ದು ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್, ದಪ್ಪ ಗೇರ್ ಆಯಿಲ್ ಅಲ್ಲ. ಮ್ಯಾನುಯಲ್ ಪೆಟ್ಟಿಗೆ ಎಂದೊಡನೆ ಗೇರ್ ಆಯಿಲ್ ಸುರಿಯುವ ಅಭ್ಯಾಸದಿಂದ ಅದರ ಸಿಂಕ್ರೊ ರಿಂಗ್‌ಗಳು (ಗೇರ್ ಬೀಳುವಾಗ ವೇಗ ಹೊಂದಿಸುವ ಬಳೆಗಳು) ಕೆಡುತ್ತವೆ.

ನಾಲ್ಕನೆಯ ಉತ್ತರ

ಚಿಕ್ಕ ವಿಷಯಗಳು, ಆದರೆ ಕಾರು ನಿಲ್ಲಿಸುವಂಥವು. ಸಿ4ರ ಸ್ಟಾರ್ಟರ್ ಮೋಟಾರಿನ ಮೂತಿಯ ಉದ್ದ ಬೇರೆ, ಹಳೆಯ ಮೂರು ಮತ್ತು ನಾಲ್ಕು ಗೇರಿನ ಮ್ಯಾನುಯಲ್ ಕಾರಿನದು ಬೇರೆ; ನೀವು ಬಳಸುವ ಸ್ಟಾರ್ಟರಿನ ಹಲ್ಲುಗಳು ಹೊಸ ಫ್ಲೈವ್ಹೀಲಿಗೆ ಸರಿಯಾಗಿ ಕಚ್ಚುತ್ತವೆಯೇ ಎಂದು ಮೊದಲೇ ನೋಡಿ. ಸಿ4ರ ನ್ಯೂಟ್ರಲ್ ಸ್ವಿಚ್ಚಿನ ಮೂಲಕ ಹಾದುಹೋಗುತ್ತಿದ್ದ ಸ್ಟಾರ್ಟರ್ ತಂತಿಯನ್ನು ಸುಮ್ಮನೆ ಜೋಡಿಸಿಬಿಡುವ ಬದಲು ಕ್ಲಚ್ ಪೆಡಲಿನ ಸ್ವಿಚ್ಚಿಗೆ ಒಯ್ಯಿರಿ, ಇಲ್ಲವಾದರೆ ಗೇರಿನಲ್ಲಿದ್ದಾಗಲೂ ಕಾರು ಸ್ಟಾರ್ಟ್ ಆಗಿ ಮುಂದೆ ನೆಗೆಯುತ್ತದೆ. ನಿಮ್ಮ ಬೆಲ್ ಹೌಸಿಂಗ್ ಕ್ಲಚ್ ಕೇಬಲ್ಲಿಗಾಗಿ ಮಾಡಿದ್ದು, 1966ರ ಕಾರಿನದು ಸರಳುಗಳ ಜೋಡಣೆ. ಅದಕ್ಕೆ ಹೊಂದುವ ಪೆಡಲ್ ಮತ್ತು ಕೇಬಲ್ ವ್ಯವಸ್ಥೆಯನ್ನು ಗೇರ್‌ಬಾಕ್ಸ್ ಕೂರಿಸುವ ಮೊದಲೇ ತರಿಸಿಕೊಳ್ಳಿ. ಪ್ರೊಪೆಲ್ಲರ್ ಶಾಫ್ಟಿನ ಮುಂದಿನ 28 ಹಲ್ಲಿನ ಯೋಕ್ (ಗೇರ್‌ಬಾಕ್ಸಿನೊಳಗೆ ಜಾರುವ ತುದಿ) ಸಿ4 ಮತ್ತು ಟಿ5 ಎರಡಕ್ಕೂ ಆಗುತ್ತದೆ, ಆದರೆ ಕಾರಿನ ಭಾರ ಚಕ್ರಗಳ ಮೇಲಿರುವಾಗ ಅದು ಒಳಗೆ ಸರಿಯಲು 20ರಿಂದ 25 ಮಿಲಿಮೀಟರ್ ಜಾಗ ಉಳಿದಿದೆಯೇ ಎಂದು ಅಳೆದ ಮೇಲೆಯೇ ಶಾಫ್ಟನ್ನು ಕತ್ತರಿಸಬೇಕೇ ಬೇಡವೇ ಎಂದು ತೀರ್ಮಾನಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬ್ಯಾಲೆನ್ಸ್ ಮಾಡಿದ ಚೀಟಿ ಸಿಕ್ಕಿತು. ಕ್ರ್ಯಾಂಕನ್ನು ನನ್ನ ಹಳೆಯ ಫ್ಲೆಕ್ಸ್‌ಪ್ಲೇಟ್ ಮತ್ತು ಡ್ಯಾಂಪರ್ ಸಮೇತವೇ ತೂಗಿದ್ದಾರೆ, ಆದ್ದರಿಂದ 28 ಔನ್ಸಿನ ಹೊಸ ಫ್ಲೈವ್ಹೀಲನ್ನು ತರಿಸಿ ಅದಕ್ಕೆ ಸರಿಹೊಂದಿಸಿದೆ. ಬೆಲ್ ಹೌಸಿಂಗಿನ ಕುಳಿಯ ಒಟ್ಟು ಓಟ 0.016 ಇಂಚು ಬಂದಿದೆ. ಕುಳಿಯ ಮೇಲ್ಭಾಗ ಕ್ರ್ಯಾಂಕಿನ ನಡುವಿಗೆ ಹತ್ತಿರವೂ ಕೆಳಭಾಗ ದೂರವೂ ಇದೆ. ಕ್ರ್ಯಾಂಕಿನ ಆಟ 0.006. ಇದೆಲ್ಲ ಲೈನ್ ಬೋರಿನ ಪರಿಣಾಮವೇ? 0.007ರ ಡೋವೆಲ್ ಸಾಕೇ, ಅಥವಾ 0.014ರದ್ದು ಬೇಕೇ?

ಎರಡನೆಯ ಉತ್ತರ ಬರೆದವರಿಂದ

0.007 ಸಾಕು. ಒಟ್ಟು ಓಟ 0.016 ಎಂದರೆ ನಡುಗೆರೆಗಳ ಅಂತರ 0.008, ಅದರಲ್ಲಿ 0.007 ಕಳೆದರೆ ಉಳಿಯುವುದು 0.001, ಅಂದರೆ ಮುಳ್ಳಿನ ಮೇಲೆ 0.002 ಮಾತ್ರ. 0.014 ಹಾಕಿದರೆ ಬೆಲ್ ಹೌಸಿಂಗ್ ಎದುರು ದಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ ಸರಿದು ಮೊದಲಿನ ಸ್ಥಿತಿಗೇ ಬಂದು ನಿಲ್ಲುತ್ತೀರಿ. ನಿಮ್ಮ ಅಳತೆಯ ಪ್ರಕಾರ ಬೆಲ್ ಹೌಸಿಂಗ್ ಕ್ರ್ಯಾಂಕಿಗಿಂತ ಕೆಳಗಿದೆ, ಹಾಗಾಗಿ ಎರಡೂ ಡೋವೆಲ್‌ಗಳ ಹೊರಚಾಚಿದ ಭಾಗವನ್ನು ನೇರ ಮೇಲಕ್ಕೆ ತಿರುಗಿಸಿ ಕೂರಿಸಬೇಕು. ದಿಕ್ಕು ಲೈನ್ ಬೋರಿಗೆ ತಕ್ಕುದೇ ಆಗಿದೆ, ಆದರೆ 0.008ರಷ್ಟನ್ನೂ ಅದರ ಮೇಲೆ ಹೊರಿಸಲಾಗದು. ಒಂದು ಪಾಲು ಬೆಲ್ ಹೌಸಿಂಗಿನದೇ ಇರಬೇಕು.

ಗೇರ್‌ಬಾಕ್ಸನ್ನು ಸೇರಿಸುವಾಗ ಅದು ತಾನಾಗಿ ಬೆಲ್ ಹೌಸಿಂಗಿನ ಮುಖಕ್ಕೆ ಬಂದು ಕೂರಬೇಕು. ಕೊನೆಯ ಒಂದು ಸೆಂಟಿಮೀಟರ್ ಉಳಿದಿದೆ ಎಂದು ಬೋಲ್ಟ್ ಬಿಗಿದು ಎಳೆಯಬೇಡಿ, ಅಲ್ಯೂಮಿನಿಯಮ್ಮಿನ ಕಿವಿ ಮುರಿಯುತ್ತದೆ ಅಥವಾ ಪೈಲಟ್ ಬೇರಿಂಗ್ ಜಜ್ಜಿಹೋಗುತ್ತದೆ. ಅರ್ಧ ಸೇರಿದ ಗೇರ್‌ಬಾಕ್ಸನ್ನು ಆಸರೆಯಿಲ್ಲದೆ ನೇತಾಡಲು ಬಿಟ್ಟರೆ ಅದರ ತೂಕಕ್ಕೆ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ, ಆದ್ದರಿಂದ ಕೆಳಗೆ ಜ್ಯಾಕ್ ಇರಲಿ. ಈ ಎಂಜಿನ್ನಿನಲ್ಲಿ ಫ್ಲೈವ್ಹೀಲಿನ ಬೋಲ್ಟ್ ರಂಧ್ರಗಳು ಕ್ರ್ಯಾಂಕ್‌ಕೇಸಿನವರೆಗೆ ತೂರಿ ಹೋಗುತ್ತವೆ. ಬೋಲ್ಟ್‌ಗಳ ತಿರುಪುಗಳಿಗೆ ಸೀಲಂಟ್ ಹಚ್ಚಿ 75ರಿಂದ 85 ಪೌಂಡ್-ಅಡಿಗೆ ಬಿಗಿಯದಿದ್ದರೆ ಎಣ್ಣೆ ಸೋರಿ ಹೊಸ ಕ್ಲಚ್ ಪ್ಲೇಟನ್ನು ನೆನೆಸುತ್ತದೆ, ನೋಡಿದವರು ಹಿಂದಿನ ಸೀಲ್ ಹೋಗಿದೆ ಎಂದುಕೊಳ್ಳುತ್ತಾರೆ.

ಎಲ್ಲ ಬಿಗಿದ ಮೇಲೆ ಕ್ರ್ಯಾಂಕಿನ ಆಟ ಮತ್ತೆ 0.006 ಬರಬೇಕು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಮಾತ್ರ ಕ್ಲಚ್ ಸ್ವಿಚ್ಚನ್ನು ತಾತ್ಕಾಲಿಕವಾಗಿ ದಾಟಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಪೆಡಲನ್ನು ಒತ್ತದೆಯೇ ಸ್ಟಾರ್ಟ್ ಮಾಡಿ, ಏಕೆಂದರೆ ಎಣ್ಣೆಯ ಒತ್ತಡ ಏರುವ ಮೊದಲು ಥ್ರಸ್ಟ್ ಬೇರಿಂಗಿನ ಮೇಲೆ ಕ್ಲಚ್ಚಿನ ಹೊರೆ ಬೀಳಬಾರದು. ಹೊಸ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಹಾಕಿದ್ದರೆ ಅದು ಪಳಗುವವರೆಗೆ, ಸುಮಾರು 20 ನಿಮಿಷ, 2000 ಆರ್‌ಪಿಎಂಗಿಂತ ಕೆಳಗಿಳಿಸದೆ ಓಡಿಸಿ. ಅಷ್ಟು ಹೊತ್ತೂ ಪೆಡಲನ್ನು ಮುಟ್ಟಬೇಡಿ.